ಕೈಗೆ ಪೆಟ್ಟಾದಾಗ ಕಸಿಯೋ ಫ್ಲಾಪೋ: ಎರಡು ವರ್ಷದ ಮೇಲಿನ ಕೈಯನ್ನು ನೆನೆದು ಆರಿಸಿಕೊಳ್ಳಿ

ಮಾಟುಂಗದ ಹೋಟೆಲಿನಲ್ಲಿ ಗ್ರೈಂಡರು, ಭೋಸರಿಯ ವರ್ಕ್‌ಶಾಪಿನಲ್ಲಿ ಪವರ್ ಪ್ರೆಸ್ಸು, ಗೋವಾದ ಮಲಿಮ್ ಜೆಟ್ಟಿಯಲ್ಲಿ ಬಲೆ ಎಳೆಯುವ ವಿಂಚು. ಮೂರೂ ಕಡೆ ನಮ್ಮವರು ದುಡಿಯುತ್ತಾರೆ, ಮೂರೂ ಕಡೆ ಕೈ ಸಿಕ್ಕಿಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಮರಾಠಿಯಲ್ಲೋ ಹಿಂದಿಯಲ್ಲೋ ಎರಡು ಮಾತು ಹೇಳಿ ಒಪ್ಪಿಗೆ ಪತ್ರ ಮುಂದಿಡುತ್ತಾರೆ. ಚರ್ಮ ಹಾಕುತ್ತಾರೆ ಅನ್ನುವುದಷ್ಟೇ ತಲೆಗೆ ಹೋಗಿರುತ್ತದೆ. ಯಾವ ಚರ್ಮ, ಎಲ್ಲಿಂದ, ರಕ್ತ ಸಮೇತವೋ ಬರಿದೋ ಎಂಬುದನ್ನು ಕೇಳುವಷ್ಟು ಪುರಸೊತ್ತು ಯಾರಿಗೂ ಇರುವುದಿಲ್ಲ.

ಗಾಯ ಮುಚ್ಚಿದ ದಿನ ಎಲ್ಲರ ಕೈಯೂ ಬಿಳಿ ಬ್ಯಾಂಡೇಜಿನೊಳಗೆ ಒಂದೇ ಥರ ಇರುತ್ತದೆ. ವ್ಯತ್ಯಾಸ ಗೊತ್ತಾಗುವುದು ಆಮೇಲೆ: ಅಂಗಿಯ ಗುಂಡಿ ಹಾಕುವಾಗ, ಜೇಬಿನೊಳಗಿನ ಚಿಲ್ಲರೆಯನ್ನು ನೋಡದೆ ಎಣಿಸುವಾಗ, ಲೋಕಲ್ ಟ್ರೇನಿನ ಕಂಬಿ ಹಿಡಿಯುವಾಗ. ಹಾಗಾಗಿ ಕಸಿ (ಬರಿ ಚರ್ಮ), ಫ್ಲಾಪ್ (ರಕ್ತನಾಳ ಸಮೇತ ತಂದ ಚರ್ಮ), ಇವೆರಡರ ಇಲ್ಲಿನ ಹೋಲಿಕೆಯನ್ನು ‘ಯಾವುದು ಬೇಗ ಮುಗಿಯುತ್ತದೆ’ ಎಂಬ ಲೆಕ್ಕದಲ್ಲಿ ಮಾಡಿಲ್ಲ, ‘ಎರಡು ವರ್ಷದ ಮೇಲೆ ಕೈ ಏನು ಮಾಡಬಲ್ಲದು’ ಎಂಬ ಲೆಕ್ಕದಲ್ಲಿ ಮಾಡಿದ್ದೇವೆ. ಎರಡು ವರ್ಷ ಎನ್ನುವುದಕ್ಕೆ ಕಾರಣವಿದೆ. ಬೆರಳುಗಳ ಚಲನೆ ಎಲ್ಲಿಗೆ ನಿಲ್ಲುತ್ತದೆ ಎಂಬುದು ಹೆಚ್ಚುಕಮ್ಮಿ ಆರು ತಿಂಗಳಲ್ಲಿ ತಿಳಿಯುತ್ತದೆ. ಕಲೆ ಮೆತ್ತಗಾಗಲು ಒಂದು ವರ್ಷ ಬೇಕು. ಕತ್ತರಿಸಿದ ನರ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಬೆಳೆಯುವುದರಿಂದ ಸ್ಪರ್ಶದ ಲೆಕ್ಕ ಎಲ್ಲಕ್ಕಿಂತ ಕೊನೆಗೆ ಚುಕ್ತಾ ಆಗುತ್ತದೆ.

ಮೊದಲು ಗಾಯದ ತಳ ನೋಡಬೇಕು

ಕಸಿ ಎಂದರೆ ಒಂದು ಕಡೆಯಿಂದ ಪೂರ್ತಿ ಬಿಡಿಸಿ ತಂದ ಚರ್ಮ. ಅದಕ್ಕೆ ತನ್ನದೆಂಬ ರಕ್ತವಿಲ್ಲ. ಮೊದಲ 48 ಗಂಟೆ ಅದು ಗಾಯದ ತಳದ ದ್ರವವನ್ನು ಹೀರಿಕೊಂಡು ಬದುಕುತ್ತದೆ. ಆಮೇಲೆ ತಳದ ಸಣ್ಣ ರಕ್ತನಾಳಗಳು ಕಸಿಯ ನಾಳಗಳಿಗೆ ಕೂಡಿಕೊಂಡು ನಾಲ್ಕೈದನೆಯ ದಿನದ ಹೊತ್ತಿಗೆ ರಕ್ತ ಹರಿಯತೊಡಗುತ್ತದೆ. ಅಷ್ಟರೊಳಗೆ ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿದರೆ, ಕೀವಾದರೆ, ಅಥವಾ ಬ್ಯಾಂಡೇಜು ಜಾರಿ ಕಸಿ ಅಲುಗಿದರೆ ಅದು ಸಾಯುತ್ತದೆ. ಮೇಲ್ಪೊರೆ ಹೋದ ಎಲುಬು, ತೆಳು ಪದರ ಕಳೆದುಕೊಂಡ ಟೆಂಡನ್ (ಬೆರಳನ್ನು ಎಳೆಯುವ ಬಿಳಿ ಹುರಿ), ತೆರೆದ ಕೀಲು, ಇವುಗಳ ಮೇಲೆ ಕಸಿ ಹಿಡಿಯುವುದಿಲ್ಲ.

ಫ್ಲಾಪ್ ಹಾಗಲ್ಲ. ಚರ್ಮ, ಅದರಡಿಯ ಕೊಬ್ಬು, ಎರಡಕ್ಕೂ ರಕ್ತ ಕೊಡುವ ನಾಳ ಒಟ್ಟಿಗೇ ಬರುತ್ತವೆ. ಹಾಗಾಗಿ ಎಲುಬಿನ ಮೇಲೂ ಬದುಕುತ್ತದೆ, ಅಡಿಯಲ್ಲಿ ಟೆಂಡನ್ ಜಾರಲು ಮೆತ್ತನೆಯ ಹಾಸು ಒದಗಿಸುತ್ತದೆ. ಈ ಉಪಾಯಕ್ಕೂ ಪುಣೆಗೂ ಹಳೆಯ ನಂಟು ಇದೆ. 1794ರಲ್ಲಿ ಲಂಡನ್ನಿನ ಒಂದು ಪತ್ರಿಕೆ ಕವಾಸ್‌ಜಿ ಎಂಬ ಎತ್ತಿನ ಗಾಡಿಯವನ ಸುದ್ದಿ ಅಚ್ಚು ಹಾಕಿತ್ತು. ಮೂರನೇ ಮೈಸೂರು ಯುದ್ಧದಲ್ಲಿ ಸೆರೆಯಾಗಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡವನು ಅವನು. ಪುಣೆಯ ಹತ್ತಿರದ ಕುಶಲಕರ್ಮಿಯೊಬ್ಬ ಹಣೆಯ ಚರ್ಮವನ್ನು ಬುಡದಲ್ಲಿ ಕತ್ತರಿಸದೆ ಹಾಗೇ ತಿರುಗಿಸಿ ಹೊಸ ಮೂಗು ಕಟ್ಟಿಕೊಟ್ಟಿದ್ದ. ಬುಡ ಕತ್ತರಿಸದಿದ್ದರೆ ಚರ್ಮಕ್ಕೆ ರಕ್ತ ಬರುವುದು ನಿಲ್ಲುವುದಿಲ್ಲ ಎಂಬ ಆ ತಿಳಿವಳಿಕೆಯ ಮೇಲೆಯೇ ಇಂದಿನ ಕೈಯ ಫ್ಲಾಪುಗಳೂ ನಿಂತಿವೆ.

ಆದ್ದರಿಂದ ಸರ್ಜನ್ನರನ್ನು ಕೇಳಬೇಕಾದ ಮೊದಲ ಪ್ರಶ್ನೆ: ‘ಕೆಳಗೆ ಏನು ಕಾಣುತ್ತಿದೆ?’ ಎರಡನೆಯದು: ‘ಇದೇ ಜಾಗದಲ್ಲಿ ಮುಂದೆ ಟೆಂಡನ್, ನರ, ಎಲುಬಿನ ಕೆಲಸ ಬಾಕಿ ಇದೆಯೇ?’ ಬಾಕಿ ಇದ್ದರೆ ಫ್ಲಾಪೇ ಸರಿ. ಫ್ಲಾಪನ್ನು ಒಂದು ಅಂಚಿನಿಂದ ಬಿಚ್ಚಿ, ಒಳಗೆ ಕೆಲಸ ಮುಗಿಸಿ, ಮತ್ತೆ ಹೊಲಿಯಬಹುದು. ತಳಕ್ಕೆ ಅಂಟಿಕೊಂಡ ಕಸಿಯನ್ನು ಎತ್ತಲು ಹೋದರೆ ಹರಿಯುತ್ತದೆ.

ಬೆರಳ ತುದಿ

ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಅತಿ ಹೆಚ್ಚು ಪೆಟ್ಟು ಬೀಳುವುದೂ ಇಲ್ಲೇ, ಅನವಶ್ಯಕ ಕಸಿ ನಡೆಯುವುದೂ ಇಲ್ಲೇ.

ತುದಿಯ ಮೆತ್ತೆ ಮಾತ್ರ ಹೋಗಿ ಎಲುಬು ಕಾಣದಿದ್ದರೆ, ಗಾಯ ಸುಮಾರು 1 ಚದರ ಸೆಂಟಿಮೀಟರಿನ ಆಸುಪಾಸಿನಲ್ಲಿದ್ದರೆ, ಏನನ್ನೂ ತಂದು ಹಾಕದೆ ಮಾಯಲು ಬಿಡುವುದೇ ಬಹಳ ಸಲ ಒಳ್ಳೆಯದು. ತೊಳೆದು, ಅಂಟುವ ಪಾರದರ್ಶಕ ಹಾಳೆ ಸುತ್ತಿ, ವಾರಕ್ಕೊಮ್ಮೆ ಬದಲಿಸುತ್ತಾರೆ. ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹಾಳೆಯೊಳಗೆ ಕಂದು ದ್ರವ ಸೇರಿ ಕೆಟ್ಟ ವಾಸನೆ ಬರುತ್ತದೆ. ಇದನ್ನು ಕೀವೆಂದು ತಿಳಿದು ಕಿತ್ತು ಹಾಕಿ ಪುಡಿ ಔಷಧ ಉದುರಿಸುವುದರಿಂದಲೇ ಈ ವಿಧಾನ ಕೆಡುತ್ತದೆ. ಕೈಯಿಡೀ ಬಿಸಿಯಾಗಿ, ಕೆಂಪು ಮೇಲೇರಿ, ನೋವು ದಿನದಿನಕ್ಕೆ ಹೆಚ್ಚಿದರೆ ಮಾತ್ರ ಸೋಂಕು. ಬರೀ ವಾಸನೆಯಾದರೆ ಅಲ್ಲ. ಗಾಯ ಕುಗ್ಗುತ್ತಾ ಸುತ್ತಲಿನ ಸ್ವಂತ ಚರ್ಮವನ್ನೇ ಒಳಕ್ಕೆ ಎಳೆದುಕೊಳ್ಳುವುದರಿಂದ, ಕೊನೆಗೆ ಉಳಿಯುವ ತುದಿಯಲ್ಲಿ ಸ್ಪರ್ಶ ಚೆನ್ನಾಗಿರುತ್ತದೆ, ಬೆರಳ ಗೆರೆಗಳೂ ಸಾಕಷ್ಟು ಮರಳುತ್ತವೆ. ಮಕ್ಕಳಲ್ಲಂತೂ ಎಲ್ಲಿ ಪೆಟ್ಟಾಗಿತ್ತು ಎಂದು ಹುಡುಕಬೇಕಾಗುತ್ತದೆ.

ಅದೇ ಜಾಗಕ್ಕೆ ತೊಡೆಯ ತೆಳು ಚರ್ಮ ಕಸಿ ಮಾಡಿದರೆ ಎರಡು ವಾರದಲ್ಲಿ ಮುಚ್ಚುತ್ತದೆ, ನೋಡಲು ಮುಗಿದ ಕೆಲಸ. ಒಂದು ವರ್ಷದ ಮೇಲೆ ಅದು ಗಟ್ಟಿ, ಒಣ, ಸುತ್ತಲಿಗಿಂತ ಕಪ್ಪು. ಬೆವರು-ಎಣ್ಣೆಯ ಗ್ರಂಥಿಗಳು ಅದರಲ್ಲಿ ಸರಿಯಾಗಿ ಇರುವುದಿಲ್ಲವಾದ್ದರಿಂದ ನೀರಿನಲ್ಲಿ ದುಡಿಯುವವರಿಗೆ ಬಿರಿಯುತ್ತದೆ. ಬೆರಳ ತುದಿಗೆ ತೊಡೆಯ ಚರ್ಮ ಹಾಕುವುದನ್ನು ನಾವು ಕೊನೆಯ ದಾರಿಯಾಗಿ ಮಾತ್ರ ಒಪ್ಪುತ್ತೇವೆ.

ಎಲುಬು ಕಂಡರೆ ದಾರಿ ಬೇರೆ. ತುದಿ ಅಡ್ಡಲಾಗಿ ಅಥವಾ ಉಗುರಿನ ಕಡೆಗೆ ಓರೆಯಾಗಿ ಕತ್ತರಿಸಿದ್ದರೆ, ಉಳಿದ ಮೆತ್ತೆಯನ್ನೇ ತ್ರಿಕೋನವಾಗಿ ಬಿಡಿಸಿ ಮುಂದಕ್ಕೆ ಸರಿಸುತ್ತಾರೆ. ಇದಕ್ಕೆ ವಿ-ವೈ ಫ್ಲಾಪ್ ಎನ್ನುತ್ತಾರೆ. ಸ್ವಂತ ಬೆರಳಿನ ಸ್ವಂತ ನರವಿರುವುದರಿಂದ ಸ್ಪರ್ಶ ಉತ್ತಮ. ಆದರೆ ಸುಮಾರು 1 ಸೆಂಟಿಮೀಟರಿಗಿಂತ ಹೆಚ್ಚು ಸರಿಯದು. ಇನ್ನೂ ಎಳೆದು ಹೊಲಿದರೆ ತುದಿ ಬಿಳಚಿಕೊಳ್ಳುತ್ತದೆ. ಉಗುರಿನ ಅಡಿಯ ಎಲುಬು ಹೋಗಿದ್ದರೆ ಉಗುರು ಗಿಳಿಯ ಕೊಕ್ಕಿನಂತೆ ಬಾಗಿ ಬೆಳೆಯುತ್ತದೆ. ಉಗುರಿನ ಹಾಸನ್ನು ಎಲುಬಿಗಿಂತ ಉದ್ದ ಉಳಿಸದಂತೆ ಮೊದಲ ದಿನವೇ ನೋಡಿಕೊಂಡರೆ ಈ ತೊಂದರೆ ಕಡಿಮೆ.

ಮೆತ್ತೆಯ ಕಡೆಗೆ ಓರೆಯಾಗಿ ಕತ್ತರಿಸಿದ್ದರೆ ಪಕ್ಕದ ಬೆರಳಿನ ಬೆನ್ನ ಚರ್ಮವನ್ನು ಪುಟ ತಿರುವಿದಂತೆ ತಿರುಗಿಸಿ ಹೊಲಿಯುತ್ತಾರೆ. ಎರಡೂ ಬೆರಳು ಎರಡರಿಂದ ಮೂರು ವಾರ ಜೋಡಿಯಾಗಿರುತ್ತವೆ. ಆಮೇಲೆ ಬೇರ್ಪಡಿಸುತ್ತಾರೆ. ಗಟ್ಟಿಮುಟ್ಟಾದ ಹೊದಿಕೆ ಸಿಗುತ್ತದೆ. ಬೆಲೆ ಏನೆಂದರೆ, ಪೆಟ್ಟಾಗದ ಬೆರಳಿಗೂ ಒಂದು ಕಸಿಯ ಕಲೆ, ಎರಡೂ ಬೆರಳಿನ ನಡುಗೀಲು ಬಿಗಿಯಾಗುವ ಅಪಾಯ. ಐವತ್ತು ದಾಟಿದವರು, ಸಂಧಿವಾತವಿದ್ದವರು ಇದನ್ನು ಒಪ್ಪುವ ಮುನ್ನ ಎರಡು ಸಲ ಯೋಚಿಸಬೇಕು. ಸ್ಪರ್ಶ ಬರುತ್ತದೆ, ಪೂರ್ತಿ ಬರುವುದಿಲ್ಲ. ಚೆನ್ನಾಗಿರುವ ಬೆರಳ ತುದಿ 6 ಮಿಲಿಮೀಟರಿಗಿಂತ ಕಡಿಮೆ ಅಂತರದ ಎರಡು ಮೊನೆಗಳನ್ನು ಎರಡೆಂದೇ ಗುರುತಿಸುತ್ತದೆ. ಇಂಥ ಫ್ಲಾಪಿನಲ್ಲಿ ಆ ಅಂತರ ಹೆಚ್ಚಬೇಕಾಗುತ್ತದೆ. ಪಾತ್ರೆ ಎತ್ತುವವರಿಗೆ ಇದು ತೊಡಕಲ್ಲ, ಹೊಲಿಗೆಯವರಿಗೆ ತೊಡಕು.

ಮೊಟಕು ಮಾಡುವ ಆಯ್ಕೆ

ಎಲುಬನ್ನು ಸ್ವಲ್ಪ ಕತ್ತರಿಸಿ ಇದ್ದ ಚರ್ಮವನ್ನೇ ಮುಚ್ಚಿ ಹೊಲಿದರೆ ಎರಡು ಮೂರು ವಾರದಲ್ಲಿ ಹೊಲಿಗೆ ಬಿಚ್ಚಿ ಮುಗಿಯುತ್ತದೆ. ಕಿರುಬೆರಳು, ಉಂಗುರದ ಬೆರಳಿನ ತುದಿಗೆ, ಬೇಗ ಕೆಲಸಕ್ಕೆ ಹೋಗಲೇಬೇಕಾದವರಿಗೆ ಇದು ತಪ್ಪು ಆಯ್ಕೆಯಲ್ಲ. ಎರಡು ಎಚ್ಚರ ಬೇಕು. ನರದ ತುದಿಯನ್ನು ಹಿಂದಕ್ಕೆ ಸರಿಸಿ ಮೆತ್ತನೆಯ ಜಾಗದಲ್ಲಿ ಇಡಬೇಕು, ಇಲ್ಲದಿದ್ದರೆ ಮುಟ್ಟಿದರೆ ಕರೆಂಟು ಹೊಡೆದಂತಾಗುವ ಗಂಟು ಉಳಿಯುತ್ತದೆ. ಮಡಚುವ ಟೆಂಡನ್ನನ್ನು ಎಲುಬಿನ ತುದಿಯ ಮೇಲೆ ಎಳೆದು ಹೊಲಿಯಬಾರದು. ನಡುಬೆರಳು, ಉಂಗುರದ ಬೆರಳು, ಕಿರುಬೆರಳಿನ ಆಳದ ಟೆಂಡನ್ನುಗಳಿಗೆ ಸ್ನಾಯು ಒಂದೇ. ಒಂದನ್ನು ಕಟ್ಟಿಹಾಕಿದರೆ ಪಕ್ಕದವೂ ಪೂರ್ತಿ ಮಡಚುವುದಿಲ್ಲ, ಮುಷ್ಟಿ ಸಡಿಲವಾಗುತ್ತದೆ.

ಹೆಬ್ಬೆರಳನ್ನು ಮಾತ್ರ ಮೊಟಕು ಮಾಡಲು ಸುಲಭಕ್ಕೆ ಒಪ್ಪಬೇಡಿ. ಹಿಡಿತದ ಅರ್ಧ ಕೆಲಸ ಅದರದ್ದು. ಅದರ ಮೆತ್ತೆಯಲ್ಲಿ ಒಂದೂವರೆ ಸೆಂಟಿಮೀಟರಿನವರೆಗಿನ ಗಾಯವಿದ್ದರೆ ಹೆಬ್ಬೆರಳಿನದೇ ಒಳಬದಿಯ ಚರ್ಮವನ್ನು ಎರಡೂ ನರಗಳ ಸಮೇತ ಮುಂದೆ ಸರಿಸುವ ಮೋಬರ್ಗ್ ಫ್ಲಾಪ್ ಇದೆ. ಸ್ಪರ್ಶದ ದೃಷ್ಟಿಯಿಂದ ಇದಕ್ಕೆ ಸಾಟಿ ಕಡಿಮೆ. ತುದಿಗೀಲು ಸ್ವಲ್ಪ ಮಡಚಿಕೊಂಡೇ ಉಳಿಯಬಹುದು. ಗಾಯ ಅದಕ್ಕಿಂತ ದೊಡ್ಡದಾದರೆ ತೋರುಬೆರಳಿನ ಬೆನ್ನಿನಿಂದ ನಾಳ-ನರ ಸಮೇತ ಗಾಳಿಪಟದಂತೆ ಒಂದು ತುಂಡು ತರುತ್ತಾರೆ. ಇದಾದ ಮೇಲೆ ಹೆಬ್ಬೆರಳು ಮುಟ್ಟಿದರೆ ತೋರುಬೆರಳಿನ ಬೆನ್ನು ಮುಟ್ಟಿದಂತೆ ಅನಿಸುತ್ತದೆ. ಮಿದುಳಿಗೆ ನರ ಹಳೆಯ ವಿಳಾಸದಿಂದಲೇ ಸುದ್ದಿ ಕಳಿಸುತ್ತಿರುತ್ತದೆ. ತಿಂಗಳುಗಟ್ಟಲೆ ಅಭ್ಯಾಸದಿಂದ ಹಲವರಲ್ಲಿ ಸರಿಹೋಗುತ್ತದೆ, ಕೆಲವರಲ್ಲಿ ಕೊನೆಯವರೆಗೂ ಉಳಿಯುತ್ತದೆ. ಮೊದಲೇ ಹೇಳದಿದ್ದರೆ ರೋಗಿ ಹೆದರುತ್ತಾರೆ.

ಕೈಯ ಬೆನ್ನು ಮತ್ತು ಅಂಗೈ

ಕೈಯ ಬೆನ್ನಿನ ಚರ್ಮ ತೆಳು, ಸಡಿಲ. ಮುಷ್ಟಿ ಕಟ್ಟಿದಾಗ ಹಿಗ್ಗಬೇಕು. ಟೆಂಡನ್ನಿನ ಮೇಲ್ಪದರ ಉಳಿದಿದ್ದರೆ ಇಲ್ಲಿ ಕಸಿ ಸೊಗಸಾಗಿ ಹಿಡಿಯುತ್ತದೆ, ಉಬ್ಬಿಲ್ಲದೆ ಕೈಗವಸು ಹೊಂದುವಂತಿರುತ್ತದೆ. ತೂತು ತೂತಾಗಿ ಹಿಗ್ಗಿಸಿದ ಬಲೆ ಕಸಿ ಬೇಡ, ಇಡೀ ಹಾಳೆಯನ್ನೇ ಹಾಕಿ ಎಂದು ಕೇಳಿ. ಬಲೆಯ ಗುರುತು ಕೊನೆಯವರೆಗೂ ಉಳಿಯುತ್ತದೆ, ಹೆಚ್ಚು ಕುಗ್ಗುತ್ತದೆ ಕೂಡ.

ಅಂಗೈಯ ಕಥೆ ಬೇರೆ. ಇಲ್ಲಿ ತೆಳು ಕಸಿ ಕುಗ್ಗಿ ಬೆರಳುಗಳನ್ನು ಒಳಕ್ಕೆ ಎಳೆಯುತ್ತದೆ. ಪೂರ್ತಿ ದಪ್ಪದ ಕಸಿ (ಚರ್ಮದ ಎಲ್ಲ ಪದರವೂ ಸೇರಿದ್ದು) ಹಿಡಿಯಲು ತುಸು ಹಟ ಮಾಡುತ್ತದೆ, ಆದರೆ ಹಿಡಿದ ಮೇಲೆ ಕುಗ್ಗುವುದು ಕಡಿಮೆ. ಅದನ್ನು ತೆಗೆದ ಜಾಗವನ್ನು ಗೆರೆಯಾಗಿ ಹೊಲಿಯುವುದರಿಂದ ತೊಡೆಯ ಮೇಲಿನ ಉರಿಯುವ ಹಸಿ ಗಾಯವೂ ಇಲ್ಲ. ಸಣ್ಣ ಗಾಯಕ್ಕೆ ಕಿರುಬೆರಳಿನ ಬುಡದ ಅಂಗೈ ಅಂಚು ಅಥವಾ ಪಾದದ ಒಳಕಮಾನಿನ ಚರ್ಮ ಸಿಕ್ಕರೆ ಬಣ್ಣವೂ ಹೊಂದುತ್ತದೆ. ನಮ್ಮ ಮೈಬಣ್ಣದವರ ಅಂಗೈಗೆ ತೊಡೆಸಂದಿನ ಚರ್ಮ ಹಾಕಿದರೆ ಕಪ್ಪು ತೇಪೆಯಂತೆ ಎದ್ದು ಕಾಣುತ್ತದೆ. ಕೂದಲಿರುವ ಕಡೆಯಿಂದ ತೆಗೆದರೆ ಅಂಗೈಯಲ್ಲೇ ಕೂದಲು ಬೆಳೆಯುತ್ತದೆ.

ದೊಡ್ಡ ಗಾಯ: ತೊಡೆಸಂದೋ, ಮುಂದೋಳೋ, ದೂರದ ತುಂಡೋ

ತೊಡೆಸಂದಿನ ಫ್ಲಾಪನ್ನು ಮೆಕ್‌ಗ್ರೆಗರ್ ಮತ್ತು ಜಾಕ್ಸನ್ 1972ರಲ್ಲಿ ವಿವರಿಸಿದರು. ಇಂದಿಗೂ ಸರಕಾರಿ ಆಸ್ಪತ್ರೆಗಳ ಭರವಸೆಯ ಕುದುರೆ ಅದೇ. ಮೈಕ್ರೋಸ್ಕೋಪು ಬೇಡ, ಕೈಯ ಯಾವ ರಕ್ತನಾಳವನ್ನೂ ಬಲಿ ಕೊಡಬೇಕಿಲ್ಲ, ಸಾಕಷ್ಟು ಚರ್ಮ ಸಿಗುತ್ತದೆ. ಆದರೆ ಸುಮಾರು ಮೂರು ವಾರ ಕೈ ಸೊಂಟದ ಕೆಳಗೆ ಹೊಲಿದುಕೊಂಡೇ ಇರುತ್ತದೆ. ಹತ್ತು ಜನ ಮಲಗುವ ಹೋಟೆಲ್ ರೂಮಿನಲ್ಲಿ, ಏಣಿ ಹತ್ತಿ ಹೋಗುವ ಚಾಳಿನ ಅಟ್ಟದಲ್ಲಿ, ಮುಂಬೈಯ ಸೆಕೆಯಲ್ಲಿ ಆ ಮೂರು ವಾರ ಹೇಗೆ ಕಳೆಯುವುದೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಸ್ನಾನ, ಶೌಚಕ್ಕೆ ಜೊತೆಗೊಬ್ಬರು ಬೇಕು. ಲುಂಗಿ ಅಥವಾ ಪಕ್ಕ ಬಿಚ್ಚಿ ಕಟ್ಟುವ ಬಟ್ಟೆ ಬೇಕು. ಮೊಣಕೈ ಕೆಳಗೆ ಮಡಚಿದ ಚಾದರ ಇಟ್ಟು, ಅಗಲ ಪಟ್ಟಿಯಿಂದ ತೋಳನ್ನು ಮೈಗೆ ಕಟ್ಟಿಕೊಂಡರೆ ನಿದ್ದೆಯಲ್ಲಿ ಎಳೆದುಕೊಳ್ಳುವುದಿಲ್ಲ. ಫ್ಲಾಪಿನ ಬುಡ ಎಲ್ಲೂ ತಿರುಚಿಕೊಳ್ಳಬಾರದು. ಹೊರಗಿರುವ ಬೆರಳುಗಳನ್ನು ಗಂಟೆಗೊಮ್ಮೆ ಆಡಿಸಬೇಕು, ಭುಜವನ್ನು ಅದು ಬಿಡುವಷ್ಟು ಅಲುಗಿಸಬೇಕು. ಇಲ್ಲದಿದ್ದರೆ ಕೈ ಬಿಡಿಸಿದ ದಿನ ಭುಜ, ಮೊಣಕೈ, ಬೆರಳು ಮೂರೂ ಬಿಗಿ.

ಮುಂದಿನ ವರ್ಷಗಳ ಫಲ: ಹೊದಿಕೆ ಗಟ್ಟಿ, ಆದರೆ ದಪ್ಪ. ಹೊಟ್ಟೆಯ ಕೆಳಭಾಗದ ಕೊಬ್ಬಾದ್ದರಿಂದ ಮೈ ತೂಕ ಏರಿದರೆ ಅದೂ ಊದುತ್ತದೆ. ಕೊಬ್ಬು ತೆಗೆಯಲು ಮೂರರಿಂದ ಆರು ತಿಂಗಳ ಮೇಲೆ ಒಂದೋ ಎರಡೋ ಆಪರೇಷನ್ ಬೇಕಾಗುತ್ತದೆ. ಅದಕ್ಕೆ ಬರುವವರು ಕಡಿಮೆ, ಊರಿಗೆ ಹೋದವರು ಹಾಗೇ ಉಳಿಯುತ್ತಾರೆ. ಇದರಲ್ಲಿ ನರವಿಲ್ಲ. ಬಿಸಿ-ಚುಚ್ಚು ಮಂದವಾಗಿ ತಿಳಿದರೆ ಅದೇ ದೊಡ್ಡದು.

ಮುಂದೋಳಿನ ರೇಡಿಯಲ್ ಫ್ಲಾಪಿನಲ್ಲಿ ಕೈ ಎಲ್ಲಿಗೂ ಕಟ್ಟಿಬೀಳುವುದಿಲ್ಲ, ಕೆಲವೇ ದಿನದಲ್ಲಿ ವ್ಯಾಯಾಮ ಶುರು. ಆದರೆ ಮಣಿಕಟ್ಟಿನ ನಾಡಿ ಬಡಿಯುವ ನಾಳವನ್ನೇ ಬಳಸಿಬಿಡುತ್ತಾರೆ. ಹಾಗಾಗಿ ಮೊದಲು ಅಲೆನ್ ಪರೀಕ್ಷೆ ಆಗಲೇಬೇಕು: ಮುಷ್ಟಿ ಬಿಗಿಹಿಡಿಸಿ, ಮಣಿಕಟ್ಟಿನ ಎರಡೂ ನಾಳ ಒತ್ತಿ, ಮುಷ್ಟಿ ಬಿಚ್ಚಿಸಿ, ಕಿರುಬೆರಳ ಕಡೆಯ ನಾಳವನ್ನಷ್ಟೇ ಬಿಟ್ಟಾಗ ಕೆಲವೇ ಕ್ಷಣಗಳಲ್ಲಿ ಅಂಗೈ ಕೆಂಪಾಗಬೇಕು. ಆಗದಿದ್ದರೆ ಈ ದಾರಿ ಬೇಡ. ಮುಂದೋಳಿನಲ್ಲಿ ಕಸಿ ಹಾಕಿದ ತಗ್ಗು ಜೀವಮಾನವಿಡೀ ಕಾಣುತ್ತದೆ. ಹೆಂಗಸರಿಗೂ ಎದುರು ನಿಂತು ಬಡಿಸುವವರಿಗೂ ಇದನ್ನು ಮುಂಚೆಯೇ ಹೇಳಬೇಕು. ಅದೇ ಮುಂದೋಳಿನ ಹಿಂಬದಿಯಿಂದ ತೆಗೆಯುವ ಇನ್ನೊಂದು ಫ್ಲಾಪ್ ಮುಖ್ಯ ನಾಳಗಳನ್ನು ಮುಟ್ಟುವುದಿಲ್ಲ. ಕೈಯ ಬೆನ್ನಿನಲ್ಲಿ ಬೆರಳ ಬುಡದ ಗೆಣ್ಣುಗಳವರೆಗೆ ಮುಟ್ಟುತ್ತದೆ, ಅದರಾಚೆಗೆ ಅಲ್ಲ. ನಾಳ ಸಣ್ಣದು, ಬಿಡಿಸುವ ಕೈ ನುರಿತಿರಬೇಕು.

ದೂರದ ತುಂಡು ಎಂದರೆ ತೊಡೆಯ ಹೊರಬದಿಯಿಂದಲೋ ಮೇಲ್ದೋಳಿನಿಂದಲೋ ಪೂರ್ತಿ ಬಿಡಿಸಿ ತಂದು ಮೈಕ್ರೋಸ್ಕೋಪಿನಡಿ ನಾಳಕ್ಕೆ ನಾಳ ಹೊಲಿಯುವುದು. ಐದರಿಂದ ಎಂಟು ಗಂಟೆಯ ಕೆಲಸ. ಕೂಡಿಸಿದ ನಾಳ ಕಟ್ಟಿಕೊಂಡರೆ ಮೊದಲ ಎರಡು ಮೂರು ದಿನದಲ್ಲೇ ಮತ್ತೆ ಒಳಗೆ ಕರೆದೊಯ್ಯುತ್ತಾರೆ. ಕೆಟ್ಟರೆ ಇಡೀ ತುಂಡು ಹೋಗುತ್ತದೆ. ಆದರೂ ಎಲುಬು, ಟೆಂಡನ್, ಚರ್ಮ ಮೂರೂ ಹೋದ ಕೈಗೆ, ನುರಿತ ತಂಡ ಹತ್ತಿರವಿದ್ದರೆ, ನಮ್ಮ ಮತ ಇದಕ್ಕೇ. ಎಲ್ಲವನ್ನೂ ಒಂದೇ ಸಲ ರಿಪೇರಿ ಮಾಡಿ ಮೂರು ವಾರ ಕಟ್ಟಿಹಾಕದೆ ಕೈ ಆಡಿಸಬಹುದು. ಆಡಿದ ಕೈಯೇ ಮುಂದೆ ಆಡುತ್ತದೆ. ಲ್ಯುಬ್ಲಿಯಾನದ ಮಾರ್ಕೊ ಗೋದಿನಾ ಅವರ 532 ರೋಗಿಗಳ ವರದಿ 1986ರಲ್ಲಿ ಬಂತು. ಸತ್ತ ಅಂಗಾಂಶ ಪೂರ್ತಿ ತೆಗೆದು 72 ಗಂಟೆಯೊಳಗೆ ಮುಚ್ಚಿದವರಲ್ಲಿ ಸೋಂಕೂ ಫ್ಲಾಪ್ ಸೋಲುವುದೂ ಕಡಿಮೆ ಎಂದು ಅದು ತೋರಿಸಿತು. ವಾರಗಟ್ಟಲೆ ಬರೀ ಡ್ರೆಸ್ಸಿಂಗ್ ಮಾಡಿಸುತ್ತಾ ಕೂತರೆ ತೆರೆದ ಟೆಂಡನ್ ಒಣಗಿ ಸಾಯುತ್ತದೆ. ಆಮೇಲೆ ಎಂಥ ಫ್ಲಾಪ್ ಹಾಕಿದರೂ ಬೆರಳು ಮಡಚದು.

ಮುಂಬೈಯಲ್ಲಿ ಪರೇಲಿನ ಕೆಇಎಂ, ಸಾಯನ್, ನಾಯರ್, ಜೆಜೆ, ಪುಣೆಯಲ್ಲಿ ಸಸೂನ್, ಗೋವಾದಲ್ಲಿ ಬಾಂಬೋಳಿಯ ಜಿಎಂಸಿ, ಇವೆಲ್ಲ ಪ್ಲಾಸ್ಟಿಕ್ ಸರ್ಜರಿ ವಿಭಾಗವಿರುವ ದೊಡ್ಡ ಸರಕಾರಿ ಆಸ್ಪತ್ರೆಗಳು. ಇಎಸ್‌ಐ (ಕಾರ್ಮಿಕರ ಸರಕಾರಿ ವಿಮೆ) ಇದ್ದವರಿಗೆ, ಕೆಲಸದಲ್ಲಾದ ಪೆಟ್ಟಿಗೆ, ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಹಕ್ಕಿದೆ. ರಜೆಯ ಅವಧಿಗೆ ಕೂಲಿಯ 90% ಸಿಗುತ್ತದೆ. ಅಪಘಾತದ ವರದಿಯನ್ನು ಮಾಲೀಕರಿಂದ ಬರೆಸಿಕೊಳ್ಳುವುದನ್ನು ನಾಳೆಗೆ ಬಿಡಬೇಡಿ. ಪರಿಹಾರದ ಲೆಕ್ಕದಲ್ಲಿ ಒಂದು ಅನ್ಯಾಯ ನಮ್ಮನ್ನು ಕಾಡುತ್ತದೆ. 1923ರ ಕಾರ್ಮಿಕ ಪರಿಹಾರ ಕಾಯ್ದೆಯಿಂದ ಬಂದ ಪಟ್ಟಿ ಹೆಬ್ಬೆರಳು ಹೋದರೆ 30%, ತೋರುಬೆರಳು ಪೂರ್ತಿ ಹೋದರೆ 14%, ಎಲುಬು ಹೋಗದೆ ಅದರ ತುದಿ ಮಾತ್ರ ಕತ್ತರಿಸಿದರೆ 5% ಎಂದು ಎಣಿಸುತ್ತದೆ. ಅಂದರೆ ಅಲ್ಲಿ ಅಳೆಯುವುದು ಉದ್ದವನ್ನು. ಉದ್ದ ಉಳಿದು ಸ್ಪರ್ಶ ಸತ್ತ ಬೆರಳು ಆ ಪಟ್ಟಿಯಲ್ಲಿ ಕಾಣುವುದಿಲ್ಲ. ಆದ್ದರಿಂದ ಮೆಡಿಕಲ್ ಬೋರ್ಡಿನ ಮುಂದೆ ಸ್ಪರ್ಶದ ಪರೀಕ್ಷೆ, ಹಿಡಿತದ ಬಲದ ಪರೀಕ್ಷೆ ಎರಡನ್ನೂ ಕೇಳಿ ಬರೆಸಿಕೊಳ್ಳಬೇಕು.

ಆಪರೇಷನ್ ಆದ ಮೇಲೆ

ತಂಬಾಕು ಬಿಡಲೇಬೇಕು. ಬೀಡಿ, ಗುಟ್ಕಾ, ಹಲ್ಲಿಗೆ ತಿಕ್ಕುವ ಮಿಶ್ರಿ ಎಲ್ಲವೂ ತಂಬಾಕೇ. ನಿಕೋಟಿನ್ ಸಣ್ಣ ನಾಳಗಳನ್ನು ಬಿಗಿಯುತ್ತದೆ, ಫ್ಲಾಪಿನ ತುದಿ ಕಪ್ಪಾಗಲು ಅಷ್ಟು ಸಾಕು. ಮೊದಲ ದಿನಗಳಲ್ಲಿ ಜೊತೆಗಿರುವವರು ಬಣ್ಣ ನೋಡುತ್ತಿರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಮೂರು ಸೆಕೆಂಡಿನಲ್ಲಿ ಕೆಂಪು ಮರಳಬೇಕು. ಬಿಳಿಚಿ ತಣ್ಣಗಾದರೆ ರಕ್ತ ಒಳಗೆ ಬರುತ್ತಿಲ್ಲ. ನೀಲಿಯಾಗಿ ಊದಿ, ಒತ್ತಿದರೆ ತಟ್ಟನೆ ಬಣ್ಣ ಮರಳಿದರೆ ರಕ್ತ ಹೊರಗೆ ಹೋಗುತ್ತಿಲ್ಲ. ಎರಡರಲ್ಲೂ ಬೆಳಗಿನ ರೌಂಡಿಗೆ ಕಾಯದೆ ಆಗಲೇ ಸಿಸ್ಟರನ್ನು ಎಬ್ಬಿಸಿ.

ಸ್ಪ್ಲಿಂಟಿನಲ್ಲಿ (ಕೈ ಅಲುಗದಂತೆ ಕಟ್ಟುವ ಆಸರೆ) ಕೈ ಇರಬೇಕಾದ ಭಂಗಿಯನ್ನೂ ನೋಡಿಕೊಳ್ಳಿ: ಮಣಿಕಟ್ಟು ತುಸು ಮೇಲಕ್ಕೆ, ಬೆರಳ ಬುಡದ ಗೆಣ್ಣು 70 ಡಿಗ್ರಿಗೂ ಹೆಚ್ಚು ಮಡಚಿ, ಬೆರಳುಗಳು ನೇರ. ಆಪರೇಷನ್ನಿನ ಕಾರಣಕ್ಕೆ ಬೇರೆ ಭಂಗಿ ಬೇಕಿದ್ದರೆ ಸರ್ಜನ್ ಹೇಳುತ್ತಾರೆ. ಸುಮ್ಮನೆ ಚಪ್ಪಟೆ ಹಲಗೆಗೆ ಕಟ್ಟಿಟ್ಟರೆ ಗೆಣ್ಣಿನ ಕಟ್ಟುಗಳು ಕುಗ್ಗಿ ಮುಷ್ಟಿ ಮತ್ತೆ ಕಟ್ಟಲಾಗದು.

ಗಾಯ ಮಾಯ್ದ ಮೇಲೆ ಬಿಗಿ ಕೈಗವಸು ದಿನಕ್ಕೆ 23 ಗಂಟೆ, ಆರು ತಿಂಗಳಿಂದ ಒಂದು ವರ್ಷ. ಎರಡು ಜೊತೆ ಹೊಲಿಸಿಕೊಳ್ಳಿ, ಮಳೆಗಾಲದಲ್ಲಿ ಒಂದು ಒಣಗುವುದರೊಳಗೆ ಇನ್ನೊಂದು ಬೇಕು. ಎರಡು ಮೂರು ತಿಂಗಳಿಗೆ ಸಡಿಲವಾಗುತ್ತದೆ, ಆಗ ಹೊಸ ಅಳತೆ ಕೊಡಬೇಕು. ಕಸಿಗೆ ದಿನಕ್ಕೆ ಮೂರು ನಾಲ್ಕು ಸಲ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಹಚ್ಚಿ ಐದು ನಿಮಿಷ ಒತ್ತಿ ತಿಕ್ಕಬೇಕು. ಸ್ಪರ್ಶ ಮರಳಿಸಲು ಅಡುಗೆಮನೆಯೇ ಸಾಕು: ಹತ್ತಿಯಿಂದ ಶುರುಮಾಡಿ ರವೆ, ಅಕ್ಕಿ, ಕಡಲೆ ಹೀಗೆ ಒರಟಿನ ಕಡೆಗೆ ಹೋಗುವುದು. ಆಮೇಲೆ ಅಕ್ಕಿ ಡಬ್ಬಿಯೊಳಗೆ ನಾಣ್ಯ, ಸ್ಕ್ರೂ, ಗುಂಡಿ ಹುದುಗಿಸಿ ಕಣ್ಣು ಮುಚ್ಚಿ ಹುಡುಕುವುದು.

ಯಾವ ಆಪರೇಷನ್ ಆದರೂ ಹಲವರನ್ನು ಕಾಡುವ ತೊಂದರೆ ಒಂದಿದೆ: ತಂಪು ತಾಗಿದರೆ ನೋವು. ಮೊದಲ ಎರಡು ವರ್ಷ ಹೆಚ್ಚು, ಆಮೇಲೆ ಇಳಿಯುತ್ತದೆ, ಪೂರ್ತಿ ಹೋಗುವುದು ಕೆಲವರಿಗೆ ಮಾತ್ರ. ನಮ್ಮ ಸೆಕೆಯ ಕರಾವಳಿಯಲ್ಲಿ ತಂಪೆಲ್ಲಿ ಎನ್ನಬೇಡಿ. ಸಸೂನ್ ಡಾಕ್‌ನಲ್ಲಿ ಮಂಜುಗಡ್ಡೆಯ ಮೀನು ವಿಂಗಡಿಸುವವರು, ಹೋಟೆಲಿನ ಡೀಪ್ ಫ್ರೀಜರಿಗೆ ಕೈ ಹಾಕುವವರು ಈ ಒಂದೇ ಕಾರಣಕ್ಕೆ ಕೆಲಸ ಬದಲಿಸಬೇಕಾಗಬಹುದು. ಒಳಗೆ ಉಣ್ಣೆಯದು, ಮೇಲೆ ರಬ್ಬರಿನದು, ಹೀಗೆ ಎರಡು ಗ್ಲೌಸ್ ಹಾಕಿ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕೈ ಹೊರಗೆ ತೆಗೆದರೆ ಹಲವರಿಗೆ ನಡೆಯುತ್ತದೆ.

ದೋಸೆ ಹಂಚಿನ ಮುಂದೆ ನಿಲ್ಲುವವರಿಗೆ ಅಪಾಯ ಇದರ ತದ್ವಿರುದ್ಧ. ನರವಿಲ್ಲದ ಫ್ಲಾಪ್ ಸುಟ್ಟರೂ ತಿಳಿಯುವುದಿಲ್ಲ, ಇಡ್ಲಿ ಪಾತ್ರೆಯ ಹಬೆಗೆ ಬೊಬ್ಬೆಯೆದ್ದದ್ದು ಗೊತ್ತಾಗುವುದು ಸಂಜೆಗೆ. ಬಿಸಿಯನ್ನು ಯಾವಾಗಲೂ ಇನ್ನೊಂದು ಕೈಯಿಂದ ಮುಟ್ಟಿ ನೋಡಬೇಕು, ಹಿಡಿಗೆ ದಪ್ಪ ಬಟ್ಟೆ ಸುತ್ತಿಕೊಳ್ಳಬೇಕು. ರಾತ್ರಿ ಮಲಗುವ ಮುನ್ನ ಕೈಯನ್ನು ದೀಪದಡಿ ಹಿಡಿದು ಬೊಬ್ಬೆ, ಬಿರುಕು, ಕೆಂಪು ಇದೆಯೇ ಎಂದು ಮಡಿಕೆ ಮಡಿಕೆ ಬಿಡಿಸಿ ನೋಡಿಕೊಳ್ಳಬೇಕು.